ಎಡಗಿವಿಯ ಮಡಿಕೆ

ನಮ್ಮ ಕೊಠಡಿಗೆ ಯಾರೂ ಬರುವುದಿಲ್ಲ. ಇಂಥದ್ದೊಂದು ಕೊಠಡಿ ಆಸ್ಪತ್ರೆಯಲ್ಲಿ ಇದೆಯೆಂದೇ ರೋಗಿಗಳಿಗೆ ಗೊತ್ತಿಲ್ಲ. ಡಾಕ್ಟರುಗಳಿಗೆ ಗೊತ್ತಿದೆ, ಆದರೆ ಕತ್ತರಿ ಸಿಗದಿದ್ದಾಗ ಮಾತ್ರ ನೆನಪಾಗುತ್ತದೆ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಶವಾಗಾರಕ್ಕೂ ನಡುವೆ, ಅದು ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಬಿದ್ದುಕೊಂಡಿದೆ. ಒಂದು ತುದಿಯ ಕಿಂಡಿಯಲ್ಲಿ ಆಪರೇಷನ್ ಮುಗಿದ ಕತ್ತರಿ, ಚಿಮಟ, ಚಾಕುಗಳು ರಕ್ತ ಮೆತ್ತಿಕೊಂಡು ಒಳಬರುತ್ತವೆ. ಅವನ್ನು ತೊಳೆದು, ಒರೆಸಿ, ಹಸಿರು ಬಟ್ಟೆಯಲ್ಲಿ ಪೊಟ್ಟಣ ಕಟ್ಟಿ, ಆವಿಯಲ್ಲಿ ಬೇಯಿಸಿ, ಇನ್ನೊಂದು ತುದಿಯ ಕಿಂಡಿಯಿಂದ ಮೇಲಕ್ಕೆ ಕಳಿಸುತ್ತೇವೆ. ಇಪ್ಪತ್ತೇಳು ವರ್ಷ ನಾನು ಈ ಡಬ್ಬಿಯಲ್ಲೇ ಕೂತಿದ್ದೆ, ಯಾವ ಊರೂ ಬರಲಿಲ್ಲ.

ಕೊಠಡಿಯಲ್ಲಿ ಆಗ ನಾವು ಮೂವರು. ಎಲ್ಲರಿಗಿಂತ ಹಳಬಳು ನಾನು, ಆದ್ದರಿಂದ ಅಕ್ಕ. ಯಂತ್ರ ನಡೆಸುವವನು ಆವಿಯಣ್ಣ. ಹತ್ತೊಂಬತ್ತು ವರ್ಷ ಆವಿಯ ಬುಸುಗುಟ್ಟುವಿಕೆ ಕೇಳಿ ಕೇಳಿ ಅವನ ಕಿವಿ ಮಂದವಾಗಿದೆ. ತನಗೆ ಕೇಳಿಸದ್ದು ಊರಿಗೂ ಕೇಳಿಸುವುದಿಲ್ಲವೆಂದು ನಂಬಿ ಕೂಗಿ ಮಾತಾಡುತ್ತಾನೆ. ಅವನಿಗೆ ಗುಟ್ಟು ಹೇಳುವುದೂ ಒಂದೇ, ಆಸ್ಪತ್ರೆಯ ಧ್ವನಿವರ್ಧಕದಲ್ಲಿ ಹೇಳುವುದೂ ಒಂದೇ. ಮೂರನೆಯವಳು ಎಡಚಿ. ಮೂವತ್ನಾಲ್ಕು ವಯಸ್ಸು. ಹನ್ನೊಂದು ವರ್ಷ ಒಂದು ದೊಡ್ಡ ಅಂಗಡಿಯಲ್ಲಿ ಉಡುಗೊರೆಗಳಿಗೆ ಬಣ್ಣದ ಕಾಗದ ಸುತ್ತುತ್ತಿದ್ದಳು. ಅಂಗಡಿ ಮುಚ್ಚಿದ ಮೇಲೆ ಇಲ್ಲಿಗೆ ಬಂದಳು. ಮನೆಯಲ್ಲಿ ತಾಯಿ ಮತ್ತು ಒಂಬತ್ತು ವರ್ಷದ ಮಗಳು. ಗಂಡನ ವಿಷಯ ಕೇಳಿದರೆ, ಚಪ್ಪಲಿ ತರುತ್ತೇನೆಂದು ಹೋದವನು ಇನ್ನೂ ಜೋಡಿ ಹುಡುಕುತ್ತಿದ್ದಾನೆ ಎನ್ನುತ್ತಿದ್ದಳು. ಕೆಲಸ ಖಾಯಂ ಆಗುವುದಕ್ಕೆ ಅವಳಿಗೆ ಏಳು ವಾರ ಬಾಕಿಯಿತ್ತು. ಅದುವರೆಗೆ ಅವಳನ್ನು ಕಾರಣ ಹೇಳದೆಯೇ ಮನೆಗೆ ಕಳಿಸಬಹುದಾಗಿತ್ತು.

ಪೊಟ್ಟಣ ಕಟ್ಟುವುದಕ್ಕೊಂದು ಕ್ರಮವಿದೆ. ಚೌಕ ಬಟ್ಟೆಯ ಒಂದು ಮೂಲೆ ನಮ್ಮ ಹೊಟ್ಟೆಯ ಕಡೆ ಬರುವ ಹಾಗೆ ಹಾಸಿ ನಡುವೆ ತಟ್ಟೆ ಇಡಬೇಕು. ಮೊದಲು ಹತ್ತಿರದ ಮೂಲೆ, ಆಮೇಲೆ ಎರಡು ಪಕ್ಕದವು, ಕೊನೆಗೆ ದೂರದ ಮೂಲೆಯನ್ನು ಎಳೆದು ತಂದು ಒಳಕ್ಕೆ ಸಿಕ್ಕಿಸಿ ತುದಿಯನ್ನು ಮಾತ್ರ ಹೆಬ್ಬೆರಳ ಉಗುರಿನಷ್ಟು ಹೊರಗೆ ಬಿಡಬೇಕು. ಆ ತುದಿಗೆ ನಾವು ಕಿವಿ ಅನ್ನುತ್ತೇವೆ. ಮೇಲಿನ ನರ್ಸು ಒಳಗಿನದನ್ನು ಮುಟ್ಟದೆ ಆ ಕಿವಿ ಹಿಡಿದೆಳೆದರೆ ಪೊಟ್ಟಣ ತಾನೇ ಬಿಚ್ಚಿಕೊಳ್ಳಬೇಕು. ಕಿವಿ ಬಲಕ್ಕೆ ಓರೆಯಾಗಿರಬೇಕು, ಏಕೆಂದರೆ ಅವಸರದಲ್ಲಿ ನರ್ಸಿನ ಬಲಗೈ ಅಲ್ಲಿಗೇ ಹೋಗುತ್ತದೆ.

ಎಡಚಿಯ ಕಿವಿ ಎಡಕ್ಕೆ ಬೀಳುತ್ತಿತ್ತು. ಬರೆಯುವುದು ಬಲಗೈಯಲ್ಲೇ, ಶಾಲೆಯಲ್ಲಿ ಹೊಡೆದು ಕಲಿಸಿದ್ದರಂತೆ. ಮಿಕ್ಕಿದ್ದಕ್ಕೆಲ್ಲ ಅವಳ ಎಡಗೈಯೇ ಮುಂದು. ನಾನು ಒಂದು ವರ್ಷ ಅವಳನ್ನು ಬೈದಿದ್ದೇನೆ. ಅವಳು ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿಸಿದ್ದೇನೆ. ನಗುನಗುತ್ತಲೇ ಬಿಚ್ಚುತ್ತಿದ್ದಳು, ಮಡಿಸುತ್ತಿದ್ದಳು, ಕಿವಿ ಮತ್ತೆ ಎಡಕ್ಕೇ ವಾಲುತ್ತಿತ್ತು. ಕೊನೆಗೆ ನನಗೇ ಸಾಕಾಗಿ, ಅವಳ ಪೊಟ್ಟಣಗಳನ್ನು ಬಿಚ್ಚಿ ಕಿವಿ ಬಲಕ್ಕೆ ಬರುವಂತೆ ಮತ್ತೆ ಕಟ್ಟುವುದನ್ನು ನಾನೇ ಅಭ್ಯಾಸ ಮಾಡಿಕೊಂಡಿದ್ದೆ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಮುಂದೂಡಿ ಪ್ರಯೋಜನವಿಲ್ಲ.

ನಮ್ಮಲ್ಲಿ ಎರಡು ಆವಿ ಯಂತ್ರಗಳಿವೆ, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದರ ಬಾಗಿಲಿಗೆ ಸುತ್ತಲೂ ಒಂದು ರಬ್ಬರ್ ಬಳೆ ಇರುತ್ತದೆ. ಅದು ಸವೆದು ಬಿರುಕು ಬಿಟ್ಟಿತ್ತು. ಆವಿ ಸೋರಿ, ಬೇಕಾದಷ್ಟು ಹೊತ್ತು ಬೇಕಾದಷ್ಟು ಬಿಸಿ ನಿಲ್ಲುತ್ತಿರಲಿಲ್ಲ. ಇದು ಗೊತ್ತಾಗುವುದು ಹೇಗೆಂದರೆ, ಪ್ರತಿ ಪೊಟ್ಟಣದ ಒಳಗೆ ನಾವು ಬೆರಳುದ್ದದ ಒಂದು ಕಾಗದದ ಪಟ್ಟಿ ಇಡುತ್ತೇವೆ. ಆವಿ ಸರಿಯಾಗಿ ತಾಕಿದರೆ ಪಟ್ಟಿಯ ಗೆರೆ ಕಪ್ಪಾಗುತ್ತದೆ. ದಿನಾ ಒಂದೊಂದು ಯಂತ್ರದಿಂದಲೂ ಒಂದು ಪೊಟ್ಟಣ ಬಿಚ್ಚಿ, ಅದರ ಪಟ್ಟಿಯನ್ನು ಆ ಯಂತ್ರದ ಪುಸ್ತಕದಲ್ಲಿ ಅಂಟಿಸಿ ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ದೊಡ್ಡ ಯಂತ್ರದ ಪಟ್ಟಿಗಳು ಕಂದು ಬಣ್ಣಕ್ಕೆ ಬಂದು ನಿಂತುಬಿಡುತ್ತಿದ್ದವು. ಕಂದು ಅಂದರೆ ಒಳಗಿನ ಕತ್ತರಿ ಬೆಂದಿಲ್ಲ ಎಂದರ್ಥ.

ಮ್ಯಾನೇಜರರಿಗೆ ಹೇಳಿದೆ. ಹತ್ತು ದಿನದಲ್ಲಿ ಬಳೆ ಬರುತ್ತದೆ, ಅಲ್ಲಿಯವರೆಗೆ ಹೇಗಾದರೂ ನಿಭಾಯಿಸಿ ಎಂದರು. ಯಂತ್ರ ನಿಲ್ಲಿಸಿದರೆ ಆಪರೇಷನ್ ನಿಲ್ಲುತ್ತದೆ, ಆಪರೇಷನ್ ನಿಂತು ಯಾರಾದರೂ ಸತ್ತರೆ ಅದು ನಿಮ್ಮ ತಲೆಗೆ ಬರುತ್ತದೆ ಎಂದೂ ಸೇರಿಸಿದರು. ನಾನು ಚಿಕ್ಕ ಯಂತ್ರದ ಕಪ್ಪು ಪಟ್ಟಿಗಳನ್ನು ತೆಗೆದು ದೊಡ್ಡದರ ಪುಸ್ತಕದಲ್ಲಿ ಅಂಟಿಸಿ ಸಹಿ ಹಾಕಿದೆ. ಹತ್ತು ದಿನ ಇಪ್ಪತ್ತಾಯಿತು, ಆ ಇಪ್ಪತ್ತು ದಿನ ಬೆಳೆದು ಮೂರು ತಿಂಗಳಾಯಿತು. ಮೊದಲ ದಿನ ಕೈ ನಡುಗಿತ್ತು. ಹದಿನೈದನೆಯ ದಿನದ ಹೊತ್ತಿಗೆ ಆವಿಯಣ್ಣನ ಜೊತೆ ಹರಟೆ ಹೊಡೆಯುತ್ತಲೇ ಸಹಿ ಹಾಕುತ್ತಿದ್ದೆ. ನನಗೆ ನನ್ನ ಬಗ್ಗೆ ಹೇಸಿಗೆ ಹುಟ್ಟಿಸುವುದು ಆ ಮೊದಲ ದಿನವಲ್ಲ, ಈ ಹದಿನೈದನೆಯ ದಿನ.

ಕಂದು ಪಟ್ಟಿಗಳನ್ನು ಮಾತ್ರ ಎಸೆಯಲು ಮನಸ್ಸಾಗಲಿಲ್ಲ. ಪ್ರತಿಯೊಂದರ ಹಿಂದೆ ತಾರೀಕು ಬರೆದು, ಹತ್ತಿಯ ಖಾಲಿ ಡಬ್ಬವೊಂದರಲ್ಲಿ ಹಾಕಿಡುತ್ತಿದ್ದೆ. ಯಾತಕ್ಕೆಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಕೊಳೆಯಾದ ತಟ್ಟೆಗಳನ್ನು ತರಲು ಎಡಚಿ ವಾರ್ಡುಗಳಿಗೆ ಹೋಗಿ ಬರುತ್ತಿದ್ದಳು. ಒಂದು ಮಧ್ಯಾಹ್ನ ಮುಖ ಸಣ್ಣದು ಮಾಡಿಕೊಂಡು ಬಂದಳು. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ ಒಬ್ಬಳ ಹೊಲಿಗೆ ಕೀವಾಗಿ ಬಿಚ್ಚಿಕೊಂಡಿದೆ, ಹತ್ತು ದಿನದ ಮಗು ಪಕ್ಕದಲ್ಲೇ ಅಳುತ್ತಿದ್ದರೂ ಅವಳಿಗೆ ಎತ್ತಿಕೊಳ್ಳಲು ಆಗುತ್ತಿಲ್ಲ, ಇಂಥವು ಈ ತಿಂಗಳು ಮೂರಾದವು ಎಂದು ಹೇಳಿದಳು. ಆಮೇಲೆ ಮೆಲ್ಲಗೆ, ಆ ಕತ್ತರಿಗಳು ನಮ್ಮ ದೊಡ್ಡ ಯಂತ್ರದವೇ ಅಲ್ಲವೇ ಅಕ್ಕ ಎಂದು ಕೇಳಿದಳು. ಸುಮ್ಮನೆ ನಿನ್ನ ಕೆಲಸ ನೋಡು ಎಂದು ಗದರಿಸಿದೆ. ಅವಳು ಬ್ರಷ್ಷು ತೆಗೆದುಕೊಂಡು ತೊಟ್ಟಿಯ ಕಡೆಗೆ ತಿರುಗಿದಳು. ಆ ದಿನವೆಲ್ಲ ತಮಾಷೆ ಮಾಡಲಿಲ್ಲ.

ಎಂಟು ದಿನ ಕಳೆದ ಮೇಲೆ ಮ್ಯಾನೇಜರರು ನನ್ನನ್ನು ಮೇಲಕ್ಕೆ ಕರೆಸಿದರು.

ಅವರ ಕಚೇರಿಯ ಹೊರಗೆ ಗೋಡೆಯಲ್ಲಿ ಒಂದು ನೀಲಿ ಪೆಟ್ಟಿಗೆ ಇದೆ. ಮೇಲೆ ಒಂದು ಫಲಕ: ತಪ್ಪು ಕಂಡರೆ ತಿಳಿಸಿ, ನಿಮ್ಮ ಹೆಸರು ಗೋಪ್ಯವಾಗಿರುತ್ತದೆ, ಹೇಳಿದವರಿಗೆ ತೊಂದರೆ ಆಗುವುದಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ನಿಯಮಗಳು. ಆ ಪೆಟ್ಟಿಗೆಯ ಬೀಗದ ಕೈ ಮ್ಯಾನೇಜರರ ಮೇಜಿನ ಖಾನೆಯಲ್ಲೇ ಇರುತ್ತದೆ. ಅದಕ್ಕೇ ವರ್ಷಗಟ್ಟಲೆ ಅದರೊಳಗೆ ಚಾಕಲೇಟಿನ ಕಾಗದ, ಬಸ್ ಟಿಕೆಟು ಬಿಟ್ಟರೆ ಬೇರೇನೂ ಬಿದ್ದದ್ದಿಲ್ಲ.

ಮ್ಯಾನೇಜರರು ಒರಟು ಮನುಷ್ಯರಲ್ಲ. ಕೂರಿಸಿದರು, ಮೊಣಕಾಲು ನೋವು ಹೇಗಿದೆಯೆಂದು ವಿಚಾರಿಸಿದರು. ಪೆಟ್ಟಿಗೆಯಲ್ಲಿ ಒಂದು ಪತ್ರ ಸಿಕ್ಕಿದೆ, ಹೆಸರಿಲ್ಲ, ಯಾವುದೋ ಅಂಗಡಿಯಲ್ಲಿ ಟೈಪು ಮಾಡಿಸಿದ್ದು, ವಾರ್ಡಿನ ನರ್ಸುಗಳಲ್ಲಿ ಯಾರೋ ಒಬ್ಬರದು ಎಂದುಕೊಂಡಿದ್ದೇನೆ, ಯಾರಿರಬಹುದು ಓದಿ ಹೇಳಿ ಎಂದರು. ಹೆಸರಿಲ್ಲದ ಅರ್ಜಿ ಕಸದ ಬುಟ್ಟಿಗೆ ಹೋಗಬೇಕೆಂಬುದು ನಿಯಮವೇ. ಆದರೂ ಬರೆದವರು ಯಾರೆಂದು ತಿಳಿದಿರುವುದು ಒಳ್ಳೆಯದಂತೆ.

ಪತ್ರವನ್ನು ಓದಿ, ಇದ್ದ ಮಡಿಕೆಯಲ್ಲೇ ಮತ್ತೆ ಮಡಿಸಿಟ್ಟಿದ್ದರು. ಲಕೋಟೆ ಇರಲಿಲ್ಲ, ಕಾಗದವನ್ನೇ ಲಕೋಟೆಯ ಹಾಗೆ ಮಡಿಸಿತ್ತು. ಕೈಗೆ ತೆಗೆದುಕೊಂಡೆ. ಕನ್ನಡಕ ಹುಡುಕುವ ಗಡಿಬಿಡಿಯಲ್ಲಿ ನನ್ನ ಕೈ ಏನು ಮಾಡುತ್ತಿದೆಯೆಂದು ನಾನು ನೋಡಲಿಲ್ಲ. ಮೇಜಿನ ಮೇಲಿಟ್ಟು, ಕಿವಿ ಹಿಡಿದೆಳೆದು, ಮೊದಲ ಮಡಿಕೆಯನ್ನು ನನ್ನಿಂದಾಚೆಗೆ ಬಿಚ್ಚಿದೆ. ಆಮೇಲೆ ಪಕ್ಕದ ಎರಡು, ಕೊನೆಗೆ ಹತ್ತಿರದ್ದು. ಬೆರಳ ತುದಿ ಬಿಟ್ಟರೆ ಬೇರೇನೂ ಕಾಗದಕ್ಕೆ ತಾಕಲಿಲ್ಲ. ಇಪ್ಪತ್ತೇಳು ವರ್ಷದ ಅಭ್ಯಾಸಕ್ಕೆ ಅದು ಕಾಗದವೋ ಬಟ್ಟೆಯೋ ಎಂಬ ವ್ಯತ್ಯಾಸ ತಿಳಿಯಲಿಲ್ಲ.

ತಲೆಯೆತ್ತಿದಾಗ ಮ್ಯಾನೇಜರರು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು.

"ಇದು ನಿಮ್ಮ ಕೊಠಡಿಯ ಮಡಿಕೆ ಅಲ್ವಾ?" ಅಂದರು.

ಉತ್ತರ ಹೇಳುವುದನ್ನು ತಪ್ಪಿಸಿಕೊಳ್ಳಲು ಓದತೊಡಗಿದೆ. ಹೊರಗಿನವರು ಬರೆದ ಹಾಗೆಯೇ ಜಾಣತನದಿಂದ ಬರೆದಿತ್ತು. ಯಂತ್ರದ ವಿಷಯ, ಹೊಲಿಗೆ ಬಿಚ್ಚಿದ ಬಾಣಂತಿಯ ವಿಷಯ. ಕೊನೆಯಲ್ಲಿ ಹೀಗಿತ್ತು: ಆ ಕೊಠಡಿಯ ಹಿರಿಯ ಹೆಂಗಸು ಒಳ್ಳೆಯವರು. ಆದರೂ ದಿನಾ ಸುಳ್ಳು ಪಟ್ಟಿ ಅಂಟಿಸಿ ಸಹಿ ಹಾಕುತ್ತಾರೆ. ಕೇಳಿದರೆ ಸುಮ್ಮನಿರು ಎನ್ನುತ್ತಾರೆ.

ಕಳ್ಳಿ ಎಂದು ಬರೆದಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಅಷ್ಟಕ್ಕೇ ಮುಗಿಯುತ್ತಿತ್ತು. ನನ್ನಿಂದ ಸುಮ್ಮನಿರು ಎನಿಸಿಕೊಂಡ ಎಡಚಿ ಒಳ್ಳೆಯವರು ಎಂದು ಬರೆದಿದ್ದಳು. ಆ ಒಂದು ಮಾತನ್ನು ಮತ್ತೆ ಮತ್ತೆ ಓದಿದೆ.

ಮತ್ತೆ ಮಡಿಸಿ ಕೊಡಿ ಎಂದರು ಮ್ಯಾನೇಜರರು. ಮಡಿಸಿದೆ. ನನ್ನ ಮಡಿಕೆಯಲ್ಲಿ ಕಿವಿ ಬಲಕ್ಕೆ ಬಂತು, ಕಾಗದದ ಮೇಲಿದ್ದ ಹಳೆಯ ಗೆರೆಗಳು ಎಡಕ್ಕಿದ್ದವು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಸದ್ಯ ನೀವಲ್ಲ ಎಂದು ನಕ್ಕರು. ನಿಮ್ಮ ಸಹಿ ಆ ಪುಸ್ತಕದಲ್ಲಿ ತೊಂಬತ್ತು ಕಡೆ ಇದೆ, ಇದು ದೊಡ್ಡದಾದರೆ ಮೊದಲು ಮುಳುಗುವವರು ನೀವೇ, ನಿಮ್ಮನ್ನು ಉಳಿಸುವ ಜವಾಬ್ದಾರಿ ನನ್ನದು ಎಂದರು. ನಾಳೆ ಹತ್ತು ಗಂಟೆಗೆ ಗುಣಮಟ್ಟದ ಪರೀಕ್ಷೆಯೆಂದು ಹೇಳಿ ಕೆಳಗೆ ಬರುತ್ತಾರಂತೆ. ಮೂವರೂ ಒಂದೊಂದು ಕಾಗದ ಮಡಿಸಬೇಕು. ಈ ಮಾತು ನಮ್ಮಿಬ್ಬರಲ್ಲೇ ಇರಬೇಕು.

ಅಷ್ಟು ಹೊತ್ತಿಗೆ ನಾನು ಮಾಡಿದ್ದೇನೆಂದು ನನಗೆ ಪೂರ್ತಿ ಅರ್ಥವಾಗಿತ್ತು. ನರ್ಸುಗಳ ಹಿಂಡಿನಲ್ಲಿ ಅಡಗಿದ್ದ ಎಡಚಿಯನ್ನು ನನ್ನ ಕೈಯೇ ಕಿವಿ ಹಿಡಿದು ಎಳೆದು ತಂದು ನಿಲ್ಲಿಸಿತ್ತು.

ಕೆಳಗೆ ಬಂದಾಗ ಅವಳು ತಟ್ಟೆ ಒರೆಸುತ್ತಿದ್ದಳು. ಹೇಳಿಬಿಡೋಣವೆಂದು ಹತ್ತಿರ ಹೋದೆ. ಆದರೆ ಆ ಹೊತ್ತಿಗೆ ಸಿಟ್ಟು ಬಂದುಬಿಟ್ಟಿತು. ನನ್ನ ಊಟದ ಡಬ್ಬಿಯಲ್ಲಿ ಕೈ ಹಾಕಿ ತಿಂದವಳು, ಮಗಳಿಗೆ ಜ್ವರ ಬಂದಾಗಲೆಲ್ಲ ನನ್ನ ಮೇಲೆ ಕೆಲಸ ಬಿಟ್ಟು ಓಡಿದವಳು, ನನ್ನನ್ನು ಇನ್ನೊಂದು ಸಲ ಕೇಳಬಾರದಿತ್ತೇ? ಒಂದು ಸಲ ಗದರಿಸಿದ್ದಕ್ಕೆ ನೇರ ಪೆಟ್ಟಿಗೆಗೇ ಹೋಗಬೇಕಿತ್ತೇ? ಹೀಗೆಲ್ಲ ಮನಸ್ಸಿನಲ್ಲೇ ಜಗಳವಾಡಿದೆ. ಇನ್ನೊಂದು ಸಲ ಕೇಳಿದ್ದರೂ ನಾನು ಗದರಿಸುತ್ತಲೇ ಇದ್ದೆ ಎಂಬುದೂ ಗೊತ್ತಿತ್ತು, ಅದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು. ತೊಟ್ಟಿ ಸರಿಯಾಗಿ ಉಜ್ಜಿಲ್ಲ ಎಂದು ಸುಮ್ಮಸುಮ್ಮನೆ ಅವಳನ್ನು ಬೈದು ಮನೆಗೆ ಹೊರಟೆ.

ನನ್ನ ಗಂಡ ಬಸ್ ಓಡಿಸಿ ನಿವೃತ್ತರಾದವರು. ಮನೆಯಲ್ಲಿ ಕುರ್ಚಿಯಲ್ಲಿ ಕೂತರೂ ಬಸ್ಸಿನ ಕನ್ನಡಿ ಇದೆಯೇನೋ ಎಂಬಂತೆ ಆಗಾಗ ಪಕ್ಕಕ್ಕೆ ನೋಡುತ್ತಾರೆ. ಸಂಜೆ ತರಕಾರಿ ಹೆಚ್ಚುತ್ತಾ ಎಲ್ಲ ಹೇಳಿದೆ. ಮಧ್ಯೆ ಬಾಯಿ ಹಾಕದೆ ಕೇಳಿದರು.

"ಪತ್ರ ನೀನು ಬರೆದಿದ್ದಾ?"

"ಇಲ್ಲ ಅಂತ ಹೇಳ್ತಾನೇ ಇದೀನಲ್ರೀ."

"ಬರೀಬೇಕಾಗಿದ್ದು ಯಾರು?"

ನಾನು ತರಕಾರಿ ಹೆಚ್ಚುತ್ತಲೇ ಇದ್ದೆ. ಅವರು ಎದ್ದು ಹೋಗಿ ದೀಪ ಹಾಕಿದರು. ನನಗೆ ಆ ಹೊತ್ತು ಯಾರ ಮೇಲೂ ಸಿಟ್ಟು ಉಳಿದಿರಲಿಲ್ಲ. ಸುಸ್ತು ಮಾತ್ರ ಇತ್ತು. ಕೆಲಸ ಮಾಡಿ ಆಗುವ ಸುಸ್ತಲ್ಲ, ಮೂರು ತಿಂಗಳು ಒಂದೇ ಸುಳ್ಳನ್ನು ಹೊತ್ತು ಮೆಟ್ಟಿಲು ಹತ್ತಿ ಇಳಿದ ಸುಸ್ತು. ಎಲ್ಲಾದರೂ ಇಳಿಸಿದರೆ ಸಾಕು ಅನ್ನಿಸಿಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಎಡಚಿಗೆ ಹೇಳಲೇಬೇಕೆಂದು ಬೇಗ ಹೋದೆ. ಅವಳು ವಾರ್ಡಿನಿಂದ ಬಂದದ್ದು ಹತ್ತಕ್ಕೆ ಐದು ನಿಮಿಷ ಇರುವಾಗ, ಅವಳ ಹಿಂದೆಯೇ ಮ್ಯಾನೇಜರರು ಬಂದರು. ಬಿಳಿ ಹಾಳೆಗಳನ್ನು ತಂದಿದ್ದರು, ಪತ್ರದ ಅಳತೆಯವೇ. ಮೂವರನ್ನೂ ಮೂರು ಮೇಜಿಗೆ, ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಲ್ಲಿಸಿದರು. ಇದೇನು ಹೊಸ ಆಟ ಎಂದು ಆವಿಯಣ್ಣ ಕೂಗಿದ. ಸುಮ್ಮನೆ ಮಡಿಸಿ, ಪೊಟ್ಟಣ ಕಟ್ಟುವ ಹಾಗೆ, ಎಂದರು ಮ್ಯಾನೇಜರರು.

ನನ್ನೆದುರಿಗೆ ಗೋಡೆ. ಹಿಂದೆ ಎಡಚಿಯ ಬಳೆಯ ಸದ್ದು ಒಂದು ಸಲ ಕೇಳಿಸಿ ನಿಂತುಹೋಯಿತು. ಹಾಳೆ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿದಿರಬೇಕು. ಅವಳ ಕೈ ನನಗೆ ಗೊತ್ತು, ಅದು ಎಡಕ್ಕಲ್ಲದೆ ಬೇರೆ ಕಡೆ ತಿರುಗುವುದಿಲ್ಲ. ಇನ್ನು ಎರಡು ನಿಮಿಷದಲ್ಲಿ ಅವಳ ಕೆಲಸ ಹೋಗುತ್ತದೆ, ಮನೆಯಲ್ಲಿ ಆ ತಾಯಿ, ಆ ಮಗು. ನಾನು ಯೋಚಿಸಿದೆನೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಎಡಕ್ಕೆ ಎರಡು ಕಿವಿ ಇದ್ದರೆ ಪತ್ರ ಯಾರದೆಂದು ಹೇಳಲಾಗುವುದಿಲ್ಲ ಎಂಬಷ್ಟೇ ಹೊಳೆಯಿತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ನಾನು ತಿರುಗುಮುರುಗಾಗಿ ಮಡಿಸಿ ಕಿವಿಯನ್ನು ಎಡಕ್ಕೆ ಬಿಟ್ಟೆ.

ಮ್ಯಾನೇಜರರು ಜೇಬಿನಿಂದ ಪತ್ರ ತೆಗೆದು ಮೊದಲು ಆವಿಯಣ್ಣನ ಮೇಜಿಗೆ ಹೋದರು. ಅಲ್ಲಿದ್ದದ್ದು ಮಡಿಕೆಯಲ್ಲ, ಉಂಡೆ. ಆಮೇಲೆ ಎಡಚಿಯ ಮೇಜಿಗೆ ಹೋಗಿ ಬಹಳ ಹೊತ್ತು ನಿಂತರು. ನಾನೂ ತಿರುಗಿ ನೋಡಿದೆ.

ಕಿವಿ ಬಲಕ್ಕಿತ್ತು. ಮೂಲೆಗಳು ನೇರ, ತುದಿ ಹೆಬ್ಬೆರಳ ಉಗುರಿನಷ್ಟೇ, ಓರೆ ಹದವಾಗಿ. ಒಂದು ವರ್ಷ ಬೈದರೂ ಬಾರದಿದ್ದ ಮಡಿಕೆ, ನಾನು ಕಟ್ಟಿದ್ದಕ್ಕಿಂತ ಚೊಕ್ಕವಾಗಿ ಅಲ್ಲಿ ಕೂತಿತ್ತು. ಎಡಚಿ ನೆಲ ನೋಡುತ್ತಾ ನಿಂತಿದ್ದಳು.

ನನಗೆ ನಗು ಬಂತು. ಆ ಹೊತ್ತಿನಲ್ಲಿ ನಗು ಬರಬಾರದಾಗಿತ್ತು, ಬಂತು. ನಾನೂ ಎಂದಿನ ಹಾಗೆ ಬಲಕ್ಕೆ ಮಡಿಸಿದ್ದರೆ ಯಾರೂ ಸಿಕ್ಕಿಬೀಳುತ್ತಿರಲಿಲ್ಲ. ಮ್ಯಾನೇಜರರು ಬರಿಗೈಯಲ್ಲಿ ಮೇಲೆ ಹೋಗುತ್ತಿದ್ದರು, ಪತ್ರ ಕಸದ ಬುಟ್ಟಿ ಸೇರುತ್ತಿತ್ತು, ಸಂಜೆ ನಾನು ತೊಂಬತ್ತೊಂದನೆಯ ಸಹಿ ಹಾಕುತ್ತಿದ್ದೆ.

ಮ್ಯಾನೇಜರರು ನನ್ನ ಮೇಜಿಗೆ ಬಂದರು. ಎಡಕ್ಕಿದ್ದ ಕಿವಿಯನ್ನು ನೋಡಿದರು, ಪತ್ರದ ಗೆರೆಗಳನ್ನು ನೋಡಿದರು. ದನಿ ತಗ್ಗಿಸಿದರು.

"ನಿನ್ನೆ ನನ್ನ ಮುಂದೆ ಬಲಕ್ಕೆ ಮಡಿಸಿದ್ರಿ. ಇವತ್ತು ಎಡಕ್ಕೆ. ಯಾರನ್ನ ಕಾಪಾಡೋಕೆ ಹೊರಟಿದೀರಿ?"

ಹಾಗೆನ್ನುತ್ತಲೇ ಅವರ ಕಣ್ಣು ಎಡಚಿಯ ಕಡೆ ತಿರುಗಿತು. ಅವಳ ಕೈ ನೋಡಿತು. ಅವಳ ಎಡಗೈಯಲ್ಲಿ ಒರೆಸುವ ಬಟ್ಟೆ ಇತ್ತು. ಇನ್ನೊಂದು ಕ್ಷಣ ಬಿಟ್ಟರೆ ಎಲ್ಲವೂ ತಿಳಿದುಹೋಗುತ್ತಿತ್ತು.

"ನಿನ್ನೆ ಬೇಕಂತಲೇ ಬಲಕ್ಕೆ ಮಡಿಸಿದೆ ಸರ್. ಪತ್ರ ನಂದೇ. ಕೊಡಿ ಇಲ್ಲಿ," ಅಂದೆ.

ಅವರು ಕೊಡಲಿಲ್ಲ. ನಾನೇ ಅವರ ಕೈಯಿಂದ ತೆಗೆದುಕೊಂಡೆ. ಪುಸ್ತಕಕ್ಕೆ ಸಹಿ ಹಾಕುವ ಪೆನ್ನು ದಾರ ಕಟ್ಟಿ ಮೇಜಿಗೇ ನೇತುಹಾಕಿರುತ್ತದೆ. ಅದನ್ನೇ ತೆಗೆದುಕೊಂಡು ಪತ್ರದ ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿ ತಾರೀಕು ನಮೂದಿಸಿದೆ. ಕೈ ನಡುಗಿತು. ಮೂರು ತಿಂಗಳ ಹಿಂದೆ ಮೊದಲ ದಿನ ನಡುಗಿದ ಹಾಗೆಯೇ ನಡುಗಿತು, ನನಗೆ ಅದರಿಂದ ಸಮಾಧಾನವೇ ಆಯಿತು.

"ನಿಮ್ಮ ಮೇಲೆ ನೀವೇ ದೂರು ಕೊಡ್ತೀರಾ?" ಅಂದರು.

"ಸುಳ್ಳು ಪಟ್ಟಿ ಅಂಟಿಸಿದ ಕೈಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ ಸರ್. ಹೆಸರಿಲ್ಲದ್ದು ಕಸದ ಬುಟ್ಟಿಗೆ ಅಂದ್ರಿ. ಈಗ ಹೆಸರಿದೆ."

ನಾನಲ್ಲವೆಂದು ಅವರಿಗೆ ಗೊತ್ತಿತ್ತು, ಅವರಿಗೆ ಗೊತ್ತಿದೆಯೆಂದು ನನಗೂ ಗೊತ್ತಿತ್ತು. ಆದರೆ ಸಹಿ ಹಾಕಿದ ಪತ್ರವನ್ನು ಸುಳ್ಳು ಎನ್ನಬೇಕಾದರೆ ಅವರು ಪರೀಕ್ಷೆಯ ಕಥೆಯನ್ನೆಲ್ಲ ಬಾಯಿಬಿಡಬೇಕಾಗಿತ್ತು. ಅಷ್ಟರಲ್ಲಿ ಆವಿಯಣ್ಣನಿಗೆ ಅರ್ಧ ಅರ್ಥವಾಗಿ, ಪಿಸುಮಾತಿನಲ್ಲಿ ಹೇಳುತ್ತಿದ್ದೇನೆಂದುಕೊಂಡು, ಅಕ್ಕ ದೊಡ್ಡ ಯಂತ್ರದ ಮೇಲೆ ದೂರು ಬರೆದು ಸಹಿ ಹಾಕಿಬಿಟ್ರು ಎಂದು ಕಿಂಡಿಯಾಚೆ ನಿಂತಿದ್ದ ಇಬ್ಬರು ನರ್ಸುಗಳಿಗೆ ಹೇಳಿದ. ಶವಾಗಾರದವರೆಗೂ ಕೇಳಿಸಿತು. ಊಟದ ಹೊತ್ತಿಗೆ ಅದು ಇಡೀ ಆಸ್ಪತ್ರೆಯ ಬಾಯಲ್ಲಿತ್ತು. ಇನ್ನು ಆ ಪತ್ರವನ್ನು ಹರಿದು ಹಾಕುವುದು ಯಾರಿಗೂ ಸಾಧ್ಯವಿರಲಿಲ್ಲ. ನಾನು ಹತ್ತಿಯ ಡಬ್ಬ ತೆಗೆದುಕೊಂಡು ಹೋಗಿ, ಸೋಂಕಿನ ವಿಷಯ ನೋಡಿಕೊಳ್ಳುವ ಡಾಕ್ಟರಮ್ಮನ ಮೇಜಿನ ಮೇಲೆ ಪತ್ರದ ಜೊತೆಗೆ ಇಟ್ಟೆ. ಅವರು ಕಂದು ಪಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ ತಾರೀಕು ನೋಡಿದರು. ನನ್ನ ಮುಖ ನೋಡಲಿಲ್ಲ.

ಸಂಜೆಯೇ ದೊಡ್ಡ ಯಂತ್ರ ನಿಲ್ಲಿಸಿದರು. ಮೂರು ತಿಂಗಳು ಬಾರದ ರಬ್ಬರ್ ಬಳೆ ನಾಲ್ಕು ದಿನದಲ್ಲಿ ಬಂತು. ಯಂತ್ರ ನಿಂತದ್ದರಿಂದ ಯಾರೂ ಸಾಯಲಿಲ್ಲ, ಪಕ್ಕದ ಆಸ್ಪತ್ರೆಯಲ್ಲಿ ಬೇಯಿಸಿ ತಂದರು. ಅಷ್ಟು ಸುಲಭದ್ದು ಮೊದಲೇ ಯಾರಿಗೂ ಹೊಳೆದಿರಲಿಲ್ಲ, ನನಗೂ ಕೂಡ. ವಿಚಾರಣೆ ನಡೆಯಿತು. ಮ್ಯಾನೇಜರರನ್ನು ಇನ್ನೊಂದು ಆಸ್ಪತ್ರೆಗೆ ವರ್ಗ ಮಾಡಿದರು, ಅಲ್ಲಿ ಅವರ ಕೋಣೆ ಇನ್ನೂ ದೊಡ್ಡದಂತೆ. ನನ್ನನ್ನು ಎರಡು ತಿಂಗಳು ಮನೆಯಲ್ಲಿ ಕೂರಿಸಿದರು. ವಿಚಾರಣೆಯಲ್ಲಿ ಕೂತವರೊಬ್ಬರು, ತಪ್ಪನ್ನು ಹೇಳಿದವರನ್ನು ಕಾಪಾಡಲು ನಿಯಮವಿದೆ, ಆದರೆ ಹೇಳಿದವರೇ ತಪ್ಪು ಮಾಡಿದ್ದರೆ ಏನು ಮಾಡಬೇಕೆಂದು ಅದರಲ್ಲಿ ಬರೆದಿಲ್ಲ ಎಂದು ನಿಜವಾಗಿಯೂ ಕಷ್ಟಪಟ್ಟು ಹೇಳಿದರು. ನನಗೆ ಅವರ ಮೇಲೆ ಕನಿಕರ ಬಂತು. ಕೊನೆಗೆ ಬಟ್ಟೆ ಒಗೆಯುವ ಕೋಣೆಗೆ, ಹಾಸಿಗೆಯ ಚಾದರ ಮಡಿಸುವುದಕ್ಕೆ ಹಾಕಿದರು. ನಿವೃತ್ತಿಗೆ ಇನ್ನು ಎರಡು ವರ್ಷ, ಅಲ್ಲೇ ಕಳೆಯಬೇಕು.

ಆ ಬಾಣಂತಿ ಮನೆಗೆ ಹೋದಳಂತೆ. ಹೋಗುವಾಗ ಮಗುವನ್ನು ಅವಳೇ ಎತ್ತಿಕೊಂಡಿದ್ದಳೋ ಇಲ್ಲವೋ ಎಂದು ಕೇಳಿ ತಿಳಿಯುವ ಧೈರ್ಯ ನನಗೆ ಬರಲಿಲ್ಲ.

ಎಡಚಿ ನನ್ನನ್ನು ನೋಡಲು ಬಂದದ್ದು ಅವಳ ಕೆಲಸ ಖಾಯಂ ಆದ ಮೇಲೆ, ನಾನು ಚಾದರದ ಕೋಣೆಗೆ ಬಂದ ಎರಡನೆಯ ವಾರ. ಊಟದ ಬಿಡುವು. ಬಾಗಿಲಲ್ಲೇ ನಿಂತಳು. ತೆಳ್ಳಗಾಗಿದ್ದಳು. ಆವಿಯಣ್ಣನಿಗೆ ಕಿವಿಗೆ ಹಾಕುವ ಯಂತ್ರ ಕೊಟ್ಟಿದ್ದಾರೆ, ಈಗ ಇನ್ನೂ ಜೋರಾಗಿ ಕೂಗುತ್ತಾನೆ ಎಂದಳು. ನಾನು ನಕ್ಕೆ, ಅವಳು ನಗಲಿಲ್ಲ. ಅವತ್ತಿನ ಬಲಗಿವಿ ಎಲ್ಲಿಂದ ಬಂತೆಂದು ಕೇಳಿದೆ. ತಿಂಗಳುಗಟ್ಟಲೆ ಮನೆಯಲ್ಲಿ ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಅಭ್ಯಾಸ ಮಾಡುತ್ತಿದ್ದಳಂತೆ, ಪೂರ್ತಿ ಬಂದ ಮೇಲೆ ಒಂದು ದಿನ ನನಗೆ ತೋರಿಸಿ ಬೆರಗುಗೊಳಿಸಬೇಕೆಂದು. ಪತ್ರ ಮಡಿಸುವಾಗ ಮಾತ್ರ ಕೈ ತನ್ನಷ್ಟಕ್ಕೆ ತಾನು ಎಡಕ್ಕೆ ಹೋಗಿಬಿಟ್ಟಿತ್ತು.

ಒಳ್ಳೆಯವರು ಎಂದು ಯಾಕೆ ಬರೆದೆ ಎಂದು ಕೇಳಿದೆ. ಅದನ್ನು ಕೇಳಲು ಎರಡೂವರೆ ತಿಂಗಳಿಂದ ಕಾದಿದ್ದೆ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಬರೆಯೋವಾಗ ನಿಮ್ಮ ಮೇಲೆ ತುಂಬಾ ಸಿಟ್ಟಿತ್ತು ಅಕ್ಕ. ಅದಕ್ಕೇ ಆ ಮಾತು ಮೊದಲು ಬರೆದೆ. ಇಲ್ಲಾಂದ್ರೆ ಇನ್ನೂ ಕೆಟ್ಟದಾಗಿ ಬರೆದುಬಿಡ್ತಿದ್ದೆ."

ಅದು ನೋಯಿಸಿತು. ಆದರೆ ಸರಿಯಾದ ಉತ್ತರ ಎಂದೂ ಅನ್ನಿಸಿತು. ಅವಳು ಒಳಗೆ ಬಂದು ನನ್ನೆದುರಿಗೆ ಕೂತಳು. ನಾಳೆ ಹೋಗಿ ಹೇಳಿಬಿಡುತ್ತೇನೆ ಎಂದಳು, ಪತ್ರ ತನ್ನದೆಂದು, ಅಕ್ಕ ಸಹಿ ಮಾತ್ರ ಹಾಕಿದ್ದೆಂದು. ಈಗ ಕೆಲಸ ಖಾಯಂ ಆಗಿದೆ, ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ, ನಾನು ಇಲ್ಲಿ ಚಾದರ ಮಡಿಸುವುದನ್ನು ನೋಡಿ ತನಗೆ ಊಟ ಸೇರುತ್ತಿಲ್ಲವೆಂದಳು. ಅವಳ ಕಣ್ಣು ತುಂಬಿತ್ತು.

"ಬೇಡ," ಅಂದೆ. "ಆ ಪುಸ್ತಕದಲ್ಲಿ ತೊಂಬತ್ತು ಸುಳ್ಳು ಸಹಿ ಹಾಕಿದೀನಿ. ಎಲ್ಲಾ ಈಗ ಬಯಲಾಗಿದೆ. ಜನ ನಿಜ ಅಂತ ನಂಬಿರೋದು ಆ ಪತ್ರದ ಮೇಲಿನ ಸಹಿಯೊಂದನ್ನೇ. ಅದೊಂದಾದರೂ ಹಾಗೇ ಇರಲಿ ಬಿಡು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಚಾದರ ದೊಡ್ಡದು, ಒಬ್ಬರಿಗೇ ಮಡಿಸಲು ಕಷ್ಟ. ಒಂದು ತುದಿಯನ್ನು ಅವಳ ಕಡೆಗೆ ಎಸೆದೆ. ಅವಳು ಎಡಗೈಯಲ್ಲಿ ಹಿಡಿದುಕೊಂಡಳು, ನಾನೂ ನನ್ನ ತುದಿಯನ್ನು ಎಡಗೈಗೆ ತೆಗೆದುಕೊಂಡೆ.